ವಿಕಾಸವನ್ನು ಕಣ್ಣಾರೆ ಕಾಣುವುದು: ಬ್ಯಾಕ್ಟೀರಿಯಾ, ಶಾಲಾ ಪ್ರಯೋಗಾಲಯ ಮತ್ತು ಗಡಿನಾಡಿನ ಪದಗಳು

ಜೀವವಿಕಾಸದ ಪಾಠವು ಶಾಲೆಯಲ್ಲಿ ಎದುರಿಸುವ ಮೊದಲ ತೊಡಕು ಕಾಲದ್ದು. ಜಿರಾಫೆಯ ಕತ್ತು, ಕುದುರೆಯ ಗೊರಸು, ಗ್ಯಾಲಪಗೋಸ್ ದ್ವೀಪಗಳ ಹಕ್ಕಿಗಳ ಕೊಕ್ಕು ಮೊದಲಾದ ಚಿತ್ರಗಳನ್ನು ಪಠ್ಯಪುಸ್ತಕ ತೋರಿಸುತ್ತದೆ; ಅವುಗಳ ಬದಿಯಲ್ಲಿ ಲಕ್ಷ, ಕೋಟಿ ವರ್ಷಗಳ ಲೆಕ್ಕವಿರುತ್ತದೆ. ಉಪ್ಪಿನ ದ್ರಾವಣವನ್ನೋ ಕಾಂತವನ್ನೋ ಮಸೂರವನ್ನೋ ಕುರಿತ ಪಾಠದಲ್ಲಿ ವಿದ್ಯಾರ್ಥಿಯ ಕೈಗೆ ಒಂದು ವಸ್ತು ಸಿಗುತ್ತದೆ, ಮಾಡಿ ನೋಡುವ ಅವಕಾಶವಿರುತ್ತದೆ. ವಿಕಾಸದ ಪಾಠದಲ್ಲಿ ಸಿಗುವುದು ಕಥನ ಮಾತ್ರ. ಅದನ್ನು ನಂಬಬಹುದು ಇಲ್ಲವೇ ನಂಬದಿರಬಹುದು, ಪರೀಕ್ಷಿಸಲು ಬರುವುದಿಲ್ಲ.

ಎರಡನೆಯ ತೊಡಕು ಪದದ್ದು. ‘ವಿಕಾಸ’ ಎಂದರೆ ಅರಳುವಿಕೆ. ಮೊಗ್ಗು ಹೂವಾಗುವುದು, ಮುಖ ಅರಳುವುದು, ವ್ಯಕ್ತಿತ್ವ ಬೆಳೆಯುವುದು, ಊರು ಏಳಿಗೆ ಹೊಂದುವುದು ಇವೆಲ್ಲಕ್ಕೂ ಕನ್ನಡವು ಇದೇ ಪದವನ್ನು ಬಳಸುತ್ತದೆ. ಆದ್ದರಿಂದ ‘ಜೀವವಿಕಾಸ’ವೆಂದು ಕೇಳಿದ ವಿದ್ಯಾರ್ಥಿ, ಕೆಳಗಿನದು ಮೇಲಕ್ಕೇರುವ, ಕೊರೆಯುಳ್ಳದ್ದು ಪೂರ್ಣವಾಗುವ ಪಯಣವನ್ನು ಊಹಿಸಿದರೆ ತಪ್ಪು ಅವನದಲ್ಲ.

ಈ ಎರಡೂ ತೊಡಕುಗಳನ್ನು ಒಟ್ಟಿಗೆ ಬಿಡಿಸುವ ಒಂದು ಪ್ರಯೋಗ ಕಳೆದ ಕೆಲವು ವರ್ಷಗಳಿಂದ ಅಮೆರಿಕದ ಪ್ರೌಢಶಾಲೆಗಳಲ್ಲಿ ನಡೆಯುತ್ತಿದೆ. ಅದರ ಸಾಮಗ್ರಿ ಒಂದು ನಿರುಪದ್ರವಿ ಬ್ಯಾಕ್ಟೀರಿಯಾ, ಕೆಲವು ಗಾಜಿನ ಪ್ರನಾಳಗಳು ಮತ್ತು ಪ್ಲಾಸ್ಟಿಕ್ ಮಣಿಗಳು. ಅವಧಿ ಸುಮಾರು ಒಂದು ವಾರ. ಕನ್ನಡವನ್ನು ಮನೆಮಾತಾಗಿಯೋ ಕಲಿಕೆಯ ಮಾಧ್ಯಮವಾಗಿಯೋ ಉಳಿಸಿಕೊಂಡು, ಸುತ್ತಲೂ ಇನ್ನೊಂದು ಭಾಷೆಯ ವಿಜ್ಞಾನ ಪದಗಳನ್ನು ಕೇಳುತ್ತ ಬೆಳೆಯುವ ಗಡಿನಾಡಿನ ಮಕ್ಕಳ ದೃಷ್ಟಿಯಿಂದ ಈ ಪ್ರಯೋಗವನ್ನು ಓದಬೇಕಾದ ಕಾರಣಗಳಿವೆ.

ಮಣಿಯ ಪ್ರಯೋಗ

ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ ವಾನ್ ಕೂಪರ್ ಮತ್ತು ಅವರ ಸಹೋದ್ಯೋಗಿಗಳು ಶಾಲಾ ಶಿಕ್ಷಕರೊಡನೆ ಸೇರಿ ರೂಪಿಸಿದ ಈ ಕಾರ್ಯಕ್ರಮದ ಹೆಸರು ‘ಇವಾಲ್ವಿಂಗ್‌ಸ್ಟೆಮ್’. ಅದರ ವಿವರಗಳು 2019ರಲ್ಲಿ ಪ್ರಬಂಧರೂಪದಲ್ಲಿ ಪ್ರಕಟವಾದವು. ಪ್ರಯೋಗಕ್ಕೆ ಆರಿಸಿಕೊಂಡ ಜೀವಿ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್. ಮಣ್ಣಿನಲ್ಲಿ, ಎಲೆಗಳ ಮೇಲೆ ಸಹಜವಾಗಿ ಬದುಕುವ ಈ ಬ್ಯಾಕ್ಟೀರಿಯಾ ಆರೋಗ್ಯವಂತರಿಗೆ ಅಪಾಯಕಾರಿಯಲ್ಲ. ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಬಳಕೆಯಲ್ಲಿರುವ ತಳಿ 1989ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ಹೊಲವೊಂದರ ಸಕ್ಕರೆ ಬೀಟ್ ಗಿಡದ ಎಲೆಯಿಂದ ದೊರೆತದ್ದು.

ಮೊದಲ ದಿನ ಪ್ರನಾಳದಲ್ಲಿ ಪೋಷಕ ದ್ರವ, ಒಂದು ಬಿಳಿ ಮಣಿ ಮತ್ತು ಬ್ಯಾಕ್ಟೀರಿಯಾ ಇರುತ್ತವೆ. ಇಪ್ಪತ್ತನಾಲ್ಕು ಗಂಟೆಗಳ ನಂತರ ವಿದ್ಯಾರ್ಥಿಗಳು ಆ ಮಣಿಯನ್ನು ಚಿಮಟದಿಂದ ಎತ್ತಿ, ಹೊಸ ದ್ರವವಿರುವ ಇನ್ನೊಂದು ಪ್ರನಾಳಕ್ಕೆ ಹಾಕುತ್ತಾರೆ. ಅಲ್ಲಿ ಬೇರೆ ಬಣ್ಣದ ಹೊಸ ಮಣಿಯೊಂದು ಕಾದಿರುತ್ತದೆ. ಮರುದಿನ ಮೂರನೆಯ ಪ್ರನಾಳಕ್ಕೆ ಹೋಗುವುದು ಈ ಹೊಸ ಮಣಿ ಮಾತ್ರ. ಹೀಗೆ ದಿನವೂ ಒಂದು ವರ್ಗಾವಣೆ. ಇದರ ಜೊತೆಗೆ ಮಣಿಯೇ ಇಲ್ಲದ ಇನ್ನೊಂದು ಸಾಲು ಪ್ರನಾಳಗಳಿರುತ್ತವೆ. ಅವುಗಳಲ್ಲಿ ದಿನವೂ ಒಂದು ಹನಿ ದ್ರವವನ್ನು ಮುಂದಿನದಕ್ಕೆ ದಾಟಿಸಲಾಗುತ್ತದೆ. ಹೋಲಿಕೆಗೆಂದು ಇಟ್ಟ ಸಾಲು ಅದು.

ಈ ಏರ್ಪಾಟಿನ ತರ್ಕ ಸರಳ. ದ್ರವದಲ್ಲಿ ತೇಲಾಡುತ್ತ ಎಷ್ಟೇ ಸಮೃದ್ಧವಾಗಿ ಬೆಳೆದರೂ ಮಣಿಗೆ ಅಂಟದ ಬ್ಯಾಕ್ಟೀರಿಯಾಗಳು ಹಿಂದೆಯೇ ಉಳಿಯುತ್ತವೆ. ಹಳೆಯ ಮಣಿಯನ್ನೇ ಬಿಗಿದಪ್ಪಿ ಕುಳಿತವೂ ಎರಡನೆಯ ದಿನಕ್ಕೆ ಹಿಂದುಳಿಯುತ್ತವೆ. ಹಳೆಯದನ್ನು ಬಿಟ್ಟು ಹೊಸದಕ್ಕೆ ಅಂಟಬಲ್ಲವುಗಳ ಸಂತತಿ ಮಾತ್ರ ಮುಂದಕ್ಕೆ ಸಾಗುತ್ತದೆ.

ವಾರದ ಬೇರೆ ಬೇರೆ ದಿನಗಳಲ್ಲಿ ವಿದ್ಯಾರ್ಥಿಗಳು ಮಾದರಿಯನ್ನು ತೆಳುಗೊಳಿಸಿ ಅಗಾರ್ ತುಂಬಿದ ಪೆಟ್ರಿ ತಟ್ಟೆಯ ಮೇಲೆ ಹರಡುತ್ತಾರೆ. ಒಂದೊಂದು ಜೀವಕೋಶವೂ ಒಂದೆರಡು ದಿನಗಳಲ್ಲಿ ಬರಿಗಣ್ಣಿಗೆ ಕಾಣುವ ಬೊಟ್ಟಿನಷ್ಟು ಗುಂಪಾಗಿ, ಅಂದರೆ ಕಾಲೊನಿಯಾಗಿ ಬೆಳೆಯುತ್ತದೆ. ಮೂಲ ತಳಿಯ ಕಾಲೊನಿ ನುಣುಪು, ದುಂಡು. ಮಣಿಯ ಸಾಲಿನಿಂದ ಬಂದ ತಟ್ಟೆಗಳಲ್ಲಿ ಕೆಲವೇ ದಿನಗಳೊಳಗೆ ಬೇರೆ ಬಗೆಯವು ಕಾಣಿಸಿಕೊಳ್ಳುತ್ತವೆ: ಅಂಚು ಹರಡಿ ಮೇಲ್ಮೈ ಸುಕ್ಕುಗಟ್ಟಿದವು, ನೂಲು ಬಿಟ್ಟಂತೆ ಮಸುಕಾದವು. ತಟ್ಟೆಯಿಂದ ತಟ್ಟೆಗೆ ಅವುಗಳ ಪಾಲು ಏರುವುದನ್ನು ವಿದ್ಯಾರ್ಥಿಗಳು ಎಣಿಸಿ ಬರೆದಿಡುತ್ತಾರೆ. ಆ ಎಣಿಕೆಯ ಪಟ್ಟಿಯೇ ವಿಕಾಸದ ದಾಖಲೆ. ಈ ಕ್ರಮದಲ್ಲಿ ಕಲಿತವರು ವಾಡಿಕೆಯ ಪಾಠಕ್ರಮದಲ್ಲಿ ಕಲಿತವರಿಗಿಂತ ವಿಷಯವನ್ನು ಗಣನೀಯವಾಗಿ ಹೆಚ್ಚು ಗ್ರಹಿಸಿದ್ದರೆಂದು 2019ರ ಪ್ರಬಂಧ ತೋರಿಸಿತು.

ಶಾಲೆಯ ಈ ಪ್ರಯೋಗದ ಹಿಂದೆ ಸಂಶೋಧನೆಯ ಗಟ್ಟಿ ನೆಲೆಯಿದೆ. ಪಾಲ್ ರೈನಿ ಮತ್ತು ಮೈಕೆಲ್ ಟ್ರಾವಿಸಾನೊ 1998ರಲ್ಲಿ ಇದೇ ಬ್ಯಾಕ್ಟೀರಿಯಾವನ್ನು ಅಲುಗಾಡಿಸದ ಪಾತ್ರೆಗಳಲ್ಲಿ ಬೆಳೆಸಿದಾಗ, ಒಂದೇ ಮೂಲದಿಂದ ಕೆಲವೇ ದಿನಗಳಲ್ಲಿ ಮೂರು ಬಗೆಯವು ಮೂಡಿದವು: ದ್ರವದ ಒಡಲಿನಲ್ಲಿ ನುಣುಪಿನವು, ಮೇಲ್ಮೈಯಲ್ಲಿ ಕೆನೆಗಟ್ಟಿ ನಿಂತ ಸುಕ್ಕಿನವು, ತಳಭಾಗದಲ್ಲಿ ಮಸುಕಿನವು. ಅದೇ ದ್ರವವನ್ನು ಸದಾ ಅಲುಗಾಡಿಸುತ್ತಿದ್ದ ಪಾತ್ರೆಗಳಲ್ಲಿ ಇಂಥ ಕವಲುಗಳು ಮೂಡಲಿಲ್ಲ. ಒಂದೇ ಪಾತ್ರೆಯಲ್ಲಿ ಬೇರೆ ಬೇರೆ ನೆಲೆಗಳಿದ್ದರೆ ಬೇರೆ ಬೇರೆ ಬಾಳುವೆಗಳು ಹುಟ್ಟುತ್ತವೆಂಬುದಕ್ಕೆ ಅದು ನಿದರ್ಶನವಾಯಿತು.

ಹೆಪ್ಪಿನ ಲೆಕ್ಕ

ಒಂದು ವಾರದಲ್ಲಿ ವಿಕಾಸವಾಗುವುದಾದರೂ ಹೇಗೆಂಬ ಪ್ರಶ್ನೆಗೆ ಉತ್ತರ ಅಡುಗೆಮನೆಯಲ್ಲಿದೆ. ರಾತ್ರಿ ಉಗುರುಬೆಚ್ಚನೆಯ ಹಾಲಿಗೆ ನಿನ್ನೆಯ ಮೊಸರಿನಿಂದ ಒಂದಿಷ್ಟು ಹೆಪ್ಪು ಹಾಕಿದರೆ ಬೆಳಗಿನ ವೇಳೆಗೆ ಪಾತ್ರೆಯ ತುಂಬ ಮೊಸರು. ನಾಳೆಯ ಹೆಪ್ಪು ಇದರಿಂದಲೇ. ಪ್ರಯೋಗಾಲಯದ ದಿನನಿತ್ಯದ ವರ್ಗಾವಣೆಯ ಕ್ರಮವೂ ಇದೇ ಆಗಿದೆ.

ನೂರು ಪಾಲು ಹಾಲಿಗೆ ಒಂದು ಪಾಲು ಹೆಪ್ಪು ಹಾಕಲಾಯಿತೆಂದು ಭಾವಿಸಿದರೆ, ಬ್ಯಾಕ್ಟೀರಿಯಾಗಳು ಮೊದಲಿನ ಸಾಂದ್ರತೆಯನ್ನು ಮುಟ್ಟಲು ನೂರು ಪಟ್ಟು ಹೆಚ್ಚಬೇಕು. ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುವ ಜೀವಿಗೆ ನೂರು ಪಟ್ಟಾಗಲು ಸುಮಾರು 6.6 ಇಮ್ಮಡಿಗಳು ಸಾಕು. ಅಂದರೆ ದಿನಕ್ಕೆ ಆರೂವರೆಗೂ ಮಿಕ್ಕ ತಲೆಮಾರುಗಳು, ವಾರಕ್ಕೆ ಸುಮಾರು 46 ತಲೆಮಾರುಗಳು. ಮನುಷ್ಯರ ಒಂದು ತಲೆಮಾರಿಗೆ ಇಪ್ಪತ್ತೈದು ವರ್ಷವೆಂದು ಹಿಡಿದರೆ ಇದು ಸಾವಿರದ ನೂರು ವರ್ಷಗಳನ್ನು ಮೀರಿದ ವಂಶಾವಳಿ. ‘ಲಕ್ಷಾಂತರ ವರ್ಷ’ವೆಂಬ ಮಾತನ್ನು ‘ಇಷ್ಟು ತಲೆಮಾರು’ ಎಂದು ಬದಲಿಸಿ ಹೇಳಿದ ಕೂಡಲೇ ಕಾಲದ ತೊಡಕು ಸಡಿಲವಾಗುತ್ತದೆ.

ಇದೇ ಲೆಕ್ಕದ ಮೇಲೆ ನಿಂತಿರುವುದು ರಿಚರ್ಡ್ ಲೆನ್ಸ್ಕಿ 1988ರ ಫೆಬ್ರವರಿ 24ರಂದು ಆರಂಭಿಸಿದ ದೀರ್ಘಾವಧಿ ಪ್ರಯೋಗ. ಎಷೆರಿಷಿಯಾ ಕೋಲಿ ಬ್ಯಾಕ್ಟೀರಿಯಾದ ಹನ್ನೆರಡು ಸಮೂಹಗಳನ್ನು ಬೇರೆಬೇರೆಯಾಗಿ ಸಾಕುತ್ತ, ದಿನವೂ ನೂರನೇ ಒಂದು ಪಾಲನ್ನು ಹೊಸ ದ್ರವಕ್ಕೆ ದಾಟಿಸುತ್ತ ಬಂದ ಈ ಪ್ರಯೋಗ 75,000 ತಲೆಮಾರುಗಳನ್ನು ದಾಟಿದೆ. ಪ್ರತಿ 500 ತಲೆಮಾರುಗಳಿಗೊಮ್ಮೆ, ಅಂದರೆ 75 ದಿನಗಳಿಗೊಮ್ಮೆ, ಮಾದರಿಗಳನ್ನು ಹಿಮಗಟ್ಟಿಸಿ ಇಡಲಾಗುತ್ತದೆ. ಕರಗಿಸಿದರೆ ಅವು ಮತ್ತೆ ಬೆಳೆಯುತ್ತವೆ; ಮುತ್ತಾತನನ್ನೂ ಮರಿಮಗನನ್ನೂ ಒಂದೇ ಪಾತ್ರೆಯಲ್ಲಿ ಸ್ಪರ್ಧೆಗೆ ಬಿಡಬಹುದು. ಹನ್ನೆರಡರಲ್ಲಿ ಒಂದೇ ಒಂದು ಸಮೂಹ ಸುಮಾರು 31,500 ತಲೆಮಾರುಗಳ ನಂತರ, ದ್ರವದಲ್ಲಿ ಮೊದಲಿನಿಂದಲೂ ಇದ್ದು ಆ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕವಿರುವಾಗ ದಕ್ಕದಿದ್ದ ಸಿಟ್ರೇಟನ್ನು ಆಹಾರವಾಗಿಸಿಕೊಂಡಿತು. ಅದು ವರದಿಯಾದದ್ದು 2008ರಲ್ಲಿ. ಉಳಿದ ಹನ್ನೊಂದು ಸಮೂಹಗಳು ಅದೇ ಪರಿಸ್ಥಿತಿಯಲ್ಲಿದ್ದರೂ ಆ ದಾರಿ ಹಿಡಿಯಲಿಲ್ಲ. ವಿಕಾಸಕ್ಕೆ ಮುಂಚಿತವಾಗಿ ಗೊತ್ತುಮಾಡಿದ ಗುರಿಯಿಲ್ಲವೆಂಬುದನ್ನು ಇದಕ್ಕಿಂತ ನೇರವಾಗಿ ತೋರಿಸುವುದು ಕಷ್ಟ.

ಡಿಎನ್‌ಎಯಲ್ಲಿ ಆದದ್ದೇನು?

ತಟ್ಟೆಯ ಮೇಲಿನ ಸುಕ್ಕು ಕಣ್ಣಿಗೆ ಕಾಣುವ ಫಲ. ಅದರ ಕಾರಣ ಡಿಎನ್‌ಎಯಲ್ಲಿದೆ. ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳ ಬರಹವೆಂದು ಡಿಎನ್‌ಎಯನ್ನು ವರ್ಣಿಸುವುದು ವಾಡಿಕೆ. ಈ ಬ್ಯಾಕ್ಟೀರಿಯಾದ ಬರಹದ ಉದ್ದ ಸುಮಾರು 67 ಲಕ್ಷ ಅಕ್ಷರಗಳು. ಜೀವಕೋಶ ಒಡೆದು ಎರಡಾಗುವ ಪ್ರತಿ ಸಲವೂ ಇಷ್ಟನ್ನೂ ನಕಲು ಮಾಡಬೇಕು.

ತಾಳೆಗರಿಯ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಲಿಪಿಕಾರರ ಕೈತಪ್ಪುಗಳು ಕನ್ನಡದ ಗ್ರಂಥಸಂಪಾದನೆಗೆ ಚೆನ್ನಾಗಿ ಪರಿಚಿತ. ಒಂದು ಅಕ್ಷರ ಬಿಟ್ಟುಹೋಗುತ್ತದೆ, ಒಂದರ ಬದಲು ಇನ್ನೊಂದು ಬರುತ್ತದೆ. ಆ ಪ್ರತಿಯಿಂದ ಮುಂದೆ ಇಳಿದ ಪ್ರತಿಗಳೆಲ್ಲ ಅದೇ ಪಾಠಾಂತರವನ್ನು ಹೊತ್ತು ಸಾಗುತ್ತವೆ. ಯಾವ ಪ್ರತಿಗಳು ಒಂದೇ ತಪ್ಪನ್ನು ಹಂಚಿಕೊಂಡಿವೆಯೆಂದು ನೋಡಿ ಸಂಪಾದಕರು ಅವುಗಳ ಕುಲಸಂಬಂಧವನ್ನು ಕಟ್ಟುತ್ತಾರೆ. ಜೀವಿಗಳ ವಂಶವೃಕ್ಷವನ್ನು ಡಿಎನ್‌ಎಯಿಂದ ಕಟ್ಟುವ ವಿಧಾನದ ತಿರುಳೂ ಇದೇ. ಬ್ಯಾಕ್ಟೀರಿಯಾಗಳ ನಕಲು ಮಾತ್ರ ಲಿಪಿಕಾರರ ನಕಲಿಗಿಂತ ಬಹಳ ಎಚ್ಚರದ್ದು. ಇಡೀ ಬರಹದಲ್ಲಿ ಒಂದು ಅಕ್ಷರ ತಪ್ಪುವುದು ಸಾವಿರದಿಂದ ಕೆಲವು ಸಾವಿರ ವಿಭಜನೆಗಳಿಗೊಮ್ಮೆ. ಆದರೆ ಒಂದು ಪ್ರನಾಳದಲ್ಲಿ ನೂರಾರು ಕೋಟಿ ಜೀವಕೋಶಗಳಿರುತ್ತವೆ. ಆದ್ದರಿಂದ ಒಂದೇ ರಾತ್ರಿಯಲ್ಲಿ ಲಕ್ಷಗಟ್ಟಲೆ ಪಾಠಾಂತರಗಳು ಹುಟ್ಟಿರುತ್ತವೆ. ಪಠ್ಯಪುಸ್ತಕ ‘ಉತ್ಪರಿವರ್ತನೆ’ ಎಂದು ಕರೆಯುವುದು ಇದನ್ನೇ.

ಸುಕ್ಕಿನ ಕಾಲೊನಿಗಳ ಡಿಎನ್‌ಎಯನ್ನು ಮೂಲ ತಳಿಯದರೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿದ ಸಂಶೋಧಕರಿಗೆ ಬದಲಾವಣೆಗಳು ಕೆಲವೇ ಜೀನ್ ಗುಂಪುಗಳಲ್ಲಿ ಮತ್ತೆ ಮತ್ತೆ ಕಂಡವು. ಅವುಗಳಲ್ಲಿ ಪ್ರಮುಖವಾದುದು ‘ಡಬ್ಲ್ಯುಎಸ್‌ಪಿ’ ಎಂಬ ಗುಂಪು. ಈ ಬ್ಯಾಕ್ಟೀರಿಯಾದ ಒಳಗೆ ಸೈಕ್ಲಿಕ್ ಡೈ-ಜಿಎಂಪಿ ಎಂಬ ಸಂಕೇತದ ಅಣುವಿದೆ. ಅದರ ಪ್ರಮಾಣ ಏರಿದರೆ ಜೀವಕೋಶವು ಸೆಲ್ಯುಲೋಸ್‌ನಂಥ ಅಂಟುಪದಾರ್ಥವನ್ನು ಸ್ರವಿಸುತ್ತದೆ. ನೆರೆಯ ಜೀವಕೋಶಗಳಿಗೂ ಆಸರೆಯ ಮೇಲ್ಮೈಗೂ ಅಂಟಿಕೊಂಡು ಪದರವಾಗಿ ಬಾಳುತ್ತದೆ. ಈ ಅಣುವನ್ನು ತಯಾರಿಸುವ ಯಂತ್ರಕ್ಕೆ ಒಂದು ತಡೆಯಿದೆ. ಅದು ‘ಡಬ್ಲ್ಯುಎಸ್‌ಪಿ-ಎಫ್’ ಎಂಬ ಪ್ರೊಟೀನ್. ಸುಕ್ಕಿನ ಬಗೆಗಳಲ್ಲಿ ಹಲವು ಸಲ ಕೆಟ್ಟಿರುವುದು ಈ ತಡೆಯೇ. ಬಂಡಿಯ ಬ್ರೇಕು ಕಡಿದಂತೆ ಯಂತ್ರ ಓಡುತ್ತಲೇ ಇರುತ್ತದೆ, ಅಂಟು ಸುರಿಯುತ್ತಲೇ ಇರುತ್ತದೆ, ಕಾಲೊನಿ ಸುಕ್ಕುಗಟ್ಟುತ್ತದೆ.

ಇಲ್ಲಿ ‘ವಿಕಾಸ’ವೆಂಬ ಪದದ ಅರಳುವ ಅರ್ಥಕ್ಕೆ ದೊಡ್ಡ ಪೆಟ್ಟು ಬೀಳುತ್ತದೆ. ಮಣಿಯ ಲೋಕದಲ್ಲಿ ಗೆದ್ದ ಬ್ಯಾಕ್ಟೀರಿಯಾ ಹೊಸ ಅಂಗವನ್ನೇನೂ ಗಳಿಸಲಿಲ್ಲ. ಇದ್ದ ಒಂದು ನಿಯಂತ್ರಣವನ್ನು ಕಳೆದುಕೊಂಡಿತು. ಮಣಿಯಿಲ್ಲದ, ಅಲುಗಾಡುವ ದ್ರವದಲ್ಲಿ ಅದೇ ಸುಕ್ಕಿನ ಬಗೆಯನ್ನು ಬಿಟ್ಟರೆ ನುಣುಪಿನ ಬಗೆಯೆದುರು ಅದು ಸೋಲುತ್ತದೆ, ಏಕೆಂದರೆ ಅಂಟು ತಯಾರಿಸಲು ತಗಲುವ ವೆಚ್ಚಕ್ಕೆ ಅಲ್ಲಿ ಪ್ರತಿಫಲವಿಲ್ಲ. ಯಾವುದು ಮೇಲು, ಯಾವುದು ಕೀಳು ಎಂಬ ಪ್ರಶ್ನೆಗೆ ಪ್ರನಾಳವನ್ನು ಹೆಸರಿಸದೆ ಉತ್ತರವಿಲ್ಲ.

ಮೊಸರೂ ಇದನ್ನೇ ಹೇಳುತ್ತದೆ. ಕಾರ್ಖಾನೆಯ ಮೊಸರಿನಲ್ಲಿ ಮುಖ್ಯವಾಗಿ ಬಳಸುವ ಎರಡು ಬ್ಯಾಕ್ಟೀರಿಯಾಗಳ, ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೊಬ್ಯಾಸಿಲಸ್ ಬಲ್ಗಾರಿಕಸ್‌ಗಳ, ಡಿಎನ್‌ಎ ಕ್ರಮಗಳು 2004 ಮತ್ತು 2006ರಲ್ಲಿ ಪ್ರಕಟವಾದವು. ಮೊದಲನೆಯದರಲ್ಲಿ ಸುಮಾರು ಹತ್ತನೇ ಒಂದು ಪಾಲು ಜೀನ್‌ಗಳು ಕೆಟ್ಟು ನಿಂತವು; ಎರಡನೆಯದರಲ್ಲೂ ಅಂಥ ನಿರುಪಯುಕ್ತ ಜೀನ್‌ಗಳು ಹೇರಳ. ಹಾಲಿನ ಸಮೃದ್ಧಿಯಲ್ಲಿ ತಲೆಮಾರುಗಟ್ಟಲೆ ಬಾಳಿದ ಜೀವಿಗೆ ಬೇಡವಾದುವು ಹೀಗೆ ಉದುರಿಹೋದವು. ಅರಳುವುದರಷ್ಟೇ ಉದುರುವುದೂ ವಿಕಾಸದ ಭಾಗ.

ಮೊದಲು ಬದಲಾವಣೆ, ಆಮೇಲೆ ಆಯ್ಕೆ

ವಿದ್ಯಾರ್ಥಿಗಳಲ್ಲಿ, ಎಷ್ಟೋ ಸಲ ಪಠ್ಯಪುಸ್ತಕಗಳಲ್ಲಿಯೂ, ಕಂಡುಬರುವ ಒಂದು ವಾಕ್ಯರಚನೆ ಗಮನಾರ್ಹ: “ಮಣಿಗೆ ಅಂಟಿಕೊಳ್ಳಲು ಬ್ಯಾಕ್ಟೀರಿಯಾಗಳು ಬದಲಾದವು.” ‘ಅಂಟಿಕೊಳ್ಳಲು’ ಎಂಬಲ್ಲಿನ ‘ಅಲು’ ಪ್ರತ್ಯಯ ಉದ್ದೇಶವನ್ನು ಸೂಚಿಸುತ್ತದೆ; ಬ್ಯಾಕ್ಟೀರಿಯಾಕ್ಕೆ ಬಯಕೆಯನ್ನು ಆರೋಪಿಸುತ್ತದೆ. ಅಗತ್ಯ ಬಿದ್ದಾಗ ಬದಲಾವಣೆ ಹುಟ್ಟುತ್ತದೆಯೋ, ಅಥವಾ ಬದಲಾವಣೆ ತನ್ನಷ್ಟಕ್ಕೆ ಹುಟ್ಟಿದ ಮೇಲೆ ಅಗತ್ಯ ಅದನ್ನು ಉಳಿಸುತ್ತದೆಯೋ ಎಂಬುದು ಒಂದು ಕಾಲಕ್ಕೆ ವಿಜ್ಞಾನಿಗಳ ನಡುವಿನ ನಿಜವಾದ ವಿವಾದವಾಗಿತ್ತು.

1943ರಲ್ಲಿ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಇದಕ್ಕೊಂದು ಪರೀಕ್ಷೆ ಕಂಡುಹಿಡಿದರು. ಬ್ಯಾಕ್ಟೀರಿಯಾಗಳನ್ನು ಹಲವು ಪುಟ್ಟ ಪ್ರನಾಳಗಳಲ್ಲಿ ಬೇರೆಬೇರೆಯಾಗಿ ಬೆಳೆಸಿ, ನಂತರ ಅವುಗಳನ್ನು ಕೊಲ್ಲಬಲ್ಲ ವೈರಸ್ಸಿಗೆ ಒಡ್ಡಿದರು. ವೈರಸ್ಸಿನ ಸಂಪರ್ಕದಿಂದಲೇ ಪ್ರತಿರೋಧ ಹುಟ್ಟುವುದಾದರೆ ಎಲ್ಲ ಪ್ರನಾಳಗಳಲ್ಲೂ ಬದುಕುಳಿದವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರಬೇಕು. ಹಾಗಿರಲಿಲ್ಲ. ಬಹಳಷ್ಟು ಪ್ರನಾಳಗಳಲ್ಲಿ ಒಂದೂ ಇಲ್ಲ, ಕೆಲವುಗಳಲ್ಲಿ ನೂರಾರು. ವೈರಸ್ಸು ಬರುವ ಬಹಳ ಮೊದಲೇ ಬದಲಾವಣೆ ಹುಟ್ಟಿ, ಅದರ ಸಂತತಿ ಹೆಚ್ಚಿದ್ದ ಪ್ರನಾಳಗಳಲ್ಲಿ ಮಾತ್ರ ಆ ನೂರಾರು. 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ ಇದನ್ನೇ ಇನ್ನಷ್ಟು ಸರಳವಾಗಿ ತೋರಿಸಿದರು. ಕಾಲೊನಿಗಳಿದ್ದ ತಟ್ಟೆಯ ಮೇಲೆ ಮಖಮಲ್ಲು ಬಟ್ಟೆಯನ್ನು ಒತ್ತಿ, ಅದೇ ವಿನ್ಯಾಸವನ್ನು ಅಚ್ಚಿನಂತೆ ಬೇರೆ ತಟ್ಟೆಗಳಿಗೆ ಇಳಿಸಿದರು. ಆ ತಟ್ಟೆಗಳಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ವಸ್ತುವಿತ್ತು. ಬದುಕುಳಿದ ಕಾಲೊನಿಗಳು ಪ್ರತಿ ತಟ್ಟೆಯಲ್ಲೂ ಅವೇ ಜಾಗಗಳಲ್ಲಿ ಕಂಡವು. ಪ್ರತಿರೋಧವು ಮೂಲ ತಟ್ಟೆಯಲ್ಲಿಯೇ, ಆ ವಸ್ತುವನ್ನು ಕಾಣುವ ಮೊದಲೇ ಇತ್ತು.

ಆದ್ದರಿಂದ ಸರಿಯಾದ ವಾಕ್ಯ ಹೀಗಿರಬೇಕು: “ಬದಲಾದವುಗಳಲ್ಲಿ ಅಂಟಿಕೊಂಡವು ಉಳಿದವು.” ಕನ್ನಡದ ಕೃದಂತವು ಈ ವಿಚಾರವನ್ನು ಮೂರೇ ಪದಗಳಲ್ಲಿ, ಉದ್ದೇಶದ ಸೋಂಕಿಲ್ಲದೆ ಹೇಳಬಲ್ಲದು. ‘ಆಯ್ಕೆ’ ಎಂಬ ಪದಕ್ಕೂ ಇಂಥದೇ ಎಚ್ಚರ ಬೇಕು. ‘ಆಯ್’ ಎಂದರೆ ಹೆಕ್ಕು, ಆರಿಸು. ಹೆಕ್ಕಲು ಒಂದು ಕೈ ಬೇಕು. ಪ್ರಕೃತಿಯಲ್ಲಿ ಅಂಥ ಕೈಯಿಲ್ಲ. ಕಣದಲ್ಲಿ ರಾಶಿ ತೂರುವುದನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಗಾಳಿಯು ಕಾಳನ್ನೂ ಹೊಟ್ಟನ್ನೂ ಗುರುತಿಸಿ ಆಯುವುದಿಲ್ಲ. ಆದರೂ ತೂಕದ ಭೇದದಿಂದ ಅವು ಬೇರೆ ಬೇರೆ ಕಡೆ ಬೀಳುತ್ತವೆ. ನೈಸರ್ಗಿಕ ಆಯ್ಕೆ ಈ ಬಗೆಯದು.

ವಾಕ್ಯದ ಈ ಭೇದ ಪರೀಕ್ಷೆಯ ಅಂಕಗಳಿಗಷ್ಟೇ ಸೀಮಿತವಲ್ಲ. ಪ್ರತಿಜೀವಕ ಔಷಧಿಯನ್ನು ಅನಗತ್ಯವಾಗಿ ಬಳಸಿದಾಗ ಏನಾಗುತ್ತದೆಂಬುದು ಇದರಿಂದಲೇ ತಿಳಿಯುತ್ತದೆ. ಔಷಧಿಗೆ ‘ದೇಹ ಒಗ್ಗಿಹೋಗುತ್ತದೆ’ ಎಂಬುದು ಜನಜನಿತ ಮಾತು. ಒಗ್ಗುವುದು ದೇಹವಲ್ಲ. ಔಷಧಿ ಸುಲಭವಾಗಿ ಸಾಯುವ ಬ್ಯಾಕ್ಟೀರಿಯಾಗಳನ್ನು ಕೊಂದು, ಮೊದಲೇ ಬದಲಾಗಿದ್ದ ಕೆಲವಕ್ಕೆ ಜಾಗ ತೆರವು ಮಾಡಿಕೊಡುತ್ತದೆ. ಆಮೇಲೆ ಅವು ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತವೆ. ಮಣಿಯ ಪ್ರಯೋಗದ ಸುಕ್ಕಿನ ಬಗೆಗೂ ವೈದ್ಯಕೀಯದ ನಂಟಿದೆ: ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳ ಶ್ವಾಸಕೋಶದಲ್ಲಿ ನೆಲೆಸುವ, ಇದೇ ಕುಲದ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ‘ಡಬ್ಲ್ಯುಎಸ್‌ಪಿ-ಎಫ್’ ಕೆಟ್ಟ ಸುಕ್ಕಿನ ಬಗೆಗಳು ಸಿಕ್ಕಿವೆ.

ಗಡಿಯಾಚೀಚೆಯ ಪದಗಳು

ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿ ಕೇರಳದ ಪಠ್ಯಕ್ರಮವನ್ನು ಕನ್ನಡದ ಪುಸ್ತಕದಲ್ಲಿ ಓದುತ್ತಾನೆ. ಅಕ್ಕಲಕೋಟೆ, ಜತ್ತ ಭಾಗದ ವಿದ್ಯಾರ್ಥಿನಿ ಮಹಾರಾಷ್ಟ್ರದ ಪಠ್ಯಕ್ರಮವನ್ನು ಕನ್ನಡದಲ್ಲಿ ಓದುತ್ತಾಳೆ. ತರಗತಿಯ ಹೊರಗೆ, ಪತ್ರಿಕೆಯಲ್ಲಿ, ದೂರದರ್ಶನದಲ್ಲಿ, ವಿಜ್ಞಾನ ಮೇಳದಲ್ಲಿ ಅವರ ಕಿವಿಗೆ ಬೀಳುವುದು ನೆರೆಭಾಷೆಯ ಪದ.

‘ಉತ್ಪರಿವರ್ತನೆ’ಯ ಮಟ್ಟಿಗೆ ತೊಂದರೆಯಿಲ್ಲ. ಮಲಯಾಳಂ, ತೆಲುಗು, ಮರಾಠಿಗಳಲ್ಲಿಯೂ ಅದೇ ಸಂಸ್ಕೃತ ಪದ ಅಲ್ಪಸ್ವಲ್ಪ ಬದಲಾದ ರೂಪದಲ್ಲಿದೆ. ತಮಿಳು ಮಾತ್ರ ‘ದಿಢೀರ್ ಮಾಱ್ಱಂ’, ‘ಸಡುದಿ ಮಾಱ್ಱಂ’ ಎಂದು ಆಕಸ್ಮಿಕ ಬದಲಾವಣೆಯ ಅರ್ಥವನ್ನು ಮುಂದಿಡುತ್ತದೆ. ಆ ಆಕಸ್ಮಿಕತೆಯೇ ಲೂರಿಯಾ ಮತ್ತು ಡೆಲ್‌ಬ್ರುಕ್‌ರ ಫಲಿತಾಂಶವೆಂಬುದನ್ನು ಗಮನಿಸಿದರೆ ತಮಿಳಿನ ಪದಗಳು ಇಲ್ಲಿ ಒಂದು ಹೆಜ್ಜೆ ಮುಂದಿವೆ.

‘ವಿಕಾಸ’ದ ಸಂಗತಿ ಬೇರೆ. ಮಲಯಾಳಂ ಮತ್ತು ತೆಲುಗು ‘ಪರಿಣಾಮಂ’ ಎನ್ನುತ್ತವೆ. ತಮಿಳಿನಲ್ಲಿ ‘ಪರಿಣಾಮಂ’ ಜೊತೆಗೆ, ಮೆಟ್ಟಿಲುಮೆಟ್ಟಿಲಾಗಿ ಬೆಳೆಯುವುದೆಂಬ ಅರ್ಥದ ‘ಪಡಿವಳರ್ಚ್ಚಿ’ಯೂ ಇದೆ. ಮರಾಠಿಯ ಪದ ‘ಉತ್ಕ್ರಾಂತಿ’, ಅಂದರೆ ಮೇಲಕ್ಕೆ ಹೆಜ್ಜೆಯಿಡುವುದು. ಕನ್ನಡದಲ್ಲಿ ‘ಪರಿಣಾಮ’ವೆಂದರೆ ಇಂದು ಫಲಿತಾಂಶ ಅಥವಾ ಪ್ರಭಾವ, ‘ಜೀವಪರಿಣಾಮ’ವೆಂದು ಕೇಳಿದ ಕನ್ನಡದ ಮಗು ಯಾವುದರ ಪರಿಣಾಮವೆಂದು ಹುಡುಕತೊಡಗಬಹುದು. ‘ಉತ್ಕ್ರಾಂತಿ’ಯಲ್ಲಿ ‘ಕ್ರಾಂತಿ’ ಕೇಳಿಸಿ ಬಂಡಾಯದ ನೆನಪಾಗಬಹುದು.

ಪ್ರತಿಯೊಂದು ಪದದೊಳಗೂ ಒಂದು ಸಿದ್ಧಾಂತ ಅಡಗಿದೆ. ‘ವಿಕಾಸ’ದಲ್ಲಿ ಒಳಗಿದ್ದುದು ಅರಳಿ ಹೊರಬರುತ್ತದೆ, ‘ಉತ್ಕ್ರಾಂತಿ’ ಮತ್ತು ‘ಪಡಿವಳರ್ಚ್ಚಿ’ಗಳಲ್ಲಿ ದಿಕ್ಕು ಮೇಲಕ್ಕೆ. ಇಂಗ್ಲಿಷಿನ ‘ಎವಲ್ಯೂಷನ್’ ಕೂಡ ಸುರುಳಿ ಬಿಚ್ಚುವುದೆಂಬ ಲ್ಯಾಟಿನ್ ಅರ್ಥದಿಂದ ಬಂದದ್ದು. ಡಾರ್ವಿನ್ನನ 1859ರ ಗ್ರಂಥದ ಮೊದಲ ಆವೃತ್ತಿಯಲ್ಲಿ ಆ ನಾಮಪದವೇ ಇರಲಿಲ್ಲ; ಅದು ಸೇರಿದ್ದು 1872ರ ಆರನೆಯ ಆವೃತ್ತಿಯಲ್ಲಿ. ‘ಪರಿಣಾಮ’ಕ್ಕೆ ಮಾತ್ರ ಮೇಲು ಕೆಳಗಿನ ಹಂಗಿಲ್ಲ. ಭಾರತೀಯ ದರ್ಶನಗಳ ಪರಿಣಾಮವಾದಕ್ಕೆ ಕೊಡುವ ಪ್ರಸಿದ್ಧ ದೃಷ್ಟಾಂತ ಹಾಲು ಮೊಸರಾಗುವುದು. ಆ ದೃಷ್ಟಾಂತದಲ್ಲಿ ಬದಲಾಗುವುದು ಹಾಲು. ಜೀವಶಾಸ್ತ್ರದಲ್ಲಿ ಬದಲಾಗುವುದು ಹೆಪ್ಪಿನೊಳಗಿನ ಸಮೂಹ. ಈ ಅಂತರವನ್ನು ಸ್ಪಷ್ಟಪಡಿಸಿದರೆ ನೆರೆಭಾಷೆಯ ಪದವೇ ಕನ್ನಡದ ಪದಕ್ಕೆ ತಿದ್ದುಪಡಿಯಾಗಿ ಒದಗುತ್ತದೆ. ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಇದು ಹೊರೆಯಾಗಬೇಕಿಲ್ಲ. ಒಂದೇ ಪದವನ್ನು ಬಲ್ಲವರಿಗೆ ಇಲ್ಲದ ಅನುಕೂಲ ಅದಕ್ಕಿದೆ.

ಶಾಲೆಯ ಮಿತಿಯೊಳಗೆ

ಈ ಅನುಕೂಲಕ್ಕೆ ಕಾಲಾವಕಾಶ ಕಡಿಮೆ. ಹತ್ತನೆಯ ತರಗತಿಯ ನಂತರ ವಿಜ್ಞಾನವನ್ನು ಆರಿಸಿಕೊಂಡವರಿಗೆ ಬೋಧನೆ ಬಹುತೇಕ ಇಂಗ್ಲಿಷಿಗೆ ಹೊರಳುತ್ತದೆ; ಆರಿಸದವರಿಗೆ ವಿಕಾಸದ ಪಾಠ ಮತ್ತೆ ಎದುರಾಗುವುದಿಲ್ಲ. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟಾಗ, 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿ ಆಕ್ಷೇಪಿಸಿದ್ದರ ಹಿಂದಿನ ಕಾಳಜಿಯೂ ಇದೇ. ಕನ್ನಡದಲ್ಲಿ ಈ ವಿಚಾರವನ್ನು ಆಲೋಚಿಸಲು ಗಡಿನಾಡಿನ ಮಗುವಿಗೆ ದೊರೆಯುವ ಕೊನೆಯ ಅವಕಾಶ ಪ್ರೌಢಶಾಲೆಯದು.

ಮಣಿಯ ಪ್ರಯೋಗವನ್ನು ಯಥಾವತ್ತಾಗಿ ನಡೆಸಲು ಗುರುತಿಸಿದ ಶುದ್ಧ ತಳಿ, ತರಬೇತಾದ ಶಿಕ್ಷಕರು, ಬಳಸಿದ್ದನ್ನು ನಾಶಮಾಡುವ ಏರ್ಪಾಟು ಬೇಕು. ಕೊನೆಯದು ಕಷ್ಟವೇನಲ್ಲ: ಮನೆಯ ಪ್ರೆಷರ್ ಕುಕ್ಕರ್ ಪೂರ್ಣ ಒತ್ತಡದಲ್ಲಿ ತಲಪುವ ಸುಮಾರು 120 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಪ್ರಯೋಗಾಲಯದ ಆಟೋಕ್ಲೇವ್‌ಗೆ ಹತ್ತಿರದ್ದು. ಅದಕ್ಕೆಂದೇ ಮೀಸಲಿಟ್ಟ ಕುಕ್ಕರಿರಬೇಕಷ್ಟೆ. ತಳಿಯನ್ನೂ ತರಬೇತಿಯನ್ನೂ ಹತ್ತಿರದ ಕಾಲೇಜು, ವಿಶ್ವವಿದ್ಯಾಲಯಗಳ ಸೂಕ್ಷ್ಮಜೀವಿ ವಿಜ್ಞಾನ ವಿಭಾಗಗಳು ಒದಗಿಸಬಹುದು. ಚರಂಡಿಯಿಂದಲೋ ಕೈಬೆರಳಿನಿಂದಲೋ ಬಂದ ಅಪರಿಚಿತ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ತಟ್ಟೆ ತೆರೆಯುವುದು, ಪ್ರತಿಜೀವಕಕ್ಕೆ ಬಗ್ಗದ ಬಗೆಗಳನ್ನು ಶಾಲೆಯಲ್ಲಿ ಸೃಷ್ಟಿಸುವುದು ಮಾತ್ರ ಎಂದೂ ಸಲ್ಲದು. ಸುಕ್ಕು ಮತ್ತು ನುಣುಪಿನ ಭೇದವನ್ನು ಆರಿಸಿಕೊಂಡಿರುವುದರ ಜಾಣತನ ಇಲ್ಲಿದೆ: ವಿಕಾಸ ಕಾಣುತ್ತದೆ, ಅಪಾಯ ಹುಟ್ಟುವುದಿಲ್ಲ.

ಅಷ್ಟು ಸಾಧ್ಯವಾಗದ ಕಡೆಯೂ ಕೈ ಖಾಲಿಯಿರಬೇಕಿಲ್ಲ. ಮಾಗಿದ ಬಾಳೆಹಣ್ಣನ್ನು ಕಿವುಚಿ, ಪಾತ್ರೆ ತೊಳೆಯುವ ಸಾಬೂನು ದ್ರವ ಮತ್ತು ಉಪ್ಪು ಬೆರೆಸಿ ಸೋಸಿ, ಮೇಲೆ ತಣ್ಣನೆಯ ಆಲ್ಕೋಹಾಲ್ ನಿಧಾನವಾಗಿ ಸುರಿದರೆ ಬಿಳಿಯ ನೂಲಿನಂತೆ ಡಿಎನ್‌ಎ ಮೇಲೇಳುತ್ತದೆ. ಹೆಪ್ಪಿನ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಬಹುದು. ಒಂದು ಜೀನಿನ ಎರಡು ಸಾಲು ಅಕ್ಷರಗಳನ್ನು ಕಾಗದದಲ್ಲಿ ಕೊಟ್ಟು ಪಾಠಾಂತರವನ್ನು ಹುಡುಕಿಸಬಹುದು.

ಪ್ರಯೋಗದ ಟಿಪ್ಪಣಿ ಪುಸ್ತಕದಲ್ಲಿ ಮೊದಲು ಬರಬೇಕಾದುದು ಪಾರಿಭಾಷಿಕ ಪದವಲ್ಲ, ಕಂಡದ್ದು. ರೈನಿ ಮತ್ತು ಟ್ರಾವಿಸಾನೊ ಕೂಡ ತಮ್ಮ ಹೊಸ ಬಗೆಗೆ ಲ್ಯಾಟಿನ್ ಹೆಸರನ್ನು ಹುಡುಕಲಿಲ್ಲ. ಸುಕ್ಕುಗಟ್ಟಿ ಹರಡುವುದೆಂದು ತಮ್ಮ ಆಡುಮಾತಿನಲ್ಲಿಯೇ ಕರೆದರು, ಆ ಹೆಸರೇ ನಿಂತಿತು. ಕುಂಬಳೆಯ ವಿದ್ಯಾರ್ಥಿ ಅದನ್ನು ‘ಸುಕ್ಕು’ ಎಂದೂ ಜತ್ತದ ವಿದ್ಯಾರ್ಥಿನಿ ‘ನಿರಿಗೆ’ ಎಂದೂ ಬರೆದುಕೊಳ್ಳಲಿ. ಅದರ ಪಕ್ಕದಲ್ಲಿ ಪಠ್ಯಪುಸ್ತಕದ ಕನ್ನಡ ಪದ, ಅದರ ಪಕ್ಕದಲ್ಲಿ ರಾಜ್ಯಭಾಷೆಯ ಪದ, ಕೊನೆಗೆ ಇಂಗ್ಲಿಷ್ ಪದ. ನಾಲ್ಕು ಕಂಬಸಾಲುಗಳ ಈ ಪಟ್ಟಿಯನ್ನು ಮುಂದಿನ ವರ್ಷದ ತರಗತಿಗೆ ದಾಟಿಸಿದರೆ, ಅದು ಅವರ ಕೈಯಲ್ಲಿ ಒಂದಿಷ್ಟು ಬದಲಾಗಿ ಬೆಳೆಯುತ್ತದೆ.